ಗರ್ಭಚೀಲದ ಜೊತೆ ಅಂಡನಾಳವನ್ನೂ ತೆಗೆದರೆ ಅಂಡಾಶಯಕ್ಕೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಹೊರರೋಗಿ ವಿಭಾಗದಲ್ಲಿ ನನ್ನ ಮೇಜಿನ ಎದುರು ಕುಳಿತುಕೊಳ್ಳುವ ಹೆಣ್ಣುಮಕ್ಕಳು ಆಳಂದ, ಚಿಂಚೋಳಿ, ಅಫಜಲಪುರ, ಔರಾದ, ಶಹಾಪುರ, ಸುರಪುರ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದವರು. ಗರ್ಭಚೀಲ ತೆಗೆಸಬೇಕು ಎಂದು ಯಾರೋ ಒಬ್ಬ ವೈದ್ಯರು ಹೇಳಿರುತ್ತಾರೆ. ಇನ್ನೊಬ್ಬರ ಮಾತನ್ನೂ ಕೇಳಿಬಿಡೋಣ ಎಂದು ಇಲ್ಲಿಗೆ ಬಂದಿರುತ್ತಾರೆ. ಈಚಿನ ವರ್ಷಗಳಲ್ಲಿ ಅವರ ಪ್ರಶ್ನೆಗಳ ಜೊತೆ ಹೊಸದೊಂದು ಸೇರಿಕೊಂಡಿದೆ: “ಚೀಲದ ಜೊತೆ ನಾಳವನ್ನೂ ತೆಗೆಯುತ್ತಾರಂತೆ ಮೇಡಂ. ಆಮೇಲೆ ಒಳಗೆ ಏನು ಉಳಿಯುತ್ತದೆ?”

ಪ್ರಶ್ನೆ ಸರಿಯಾದದ್ದು. ಒಳಗೆ ಏನು ಉಳಿಯುತ್ತದೆ ಎನ್ನುವುದೇ ಇಲ್ಲಿನ ಮುಖ್ಯ ಸಂಗತಿ. ಗಡ್ಡೆ, ಅತಿಸ್ರಾವದಂತಹ ಕ್ಯಾನ್ಸರ್ ಅಲ್ಲದ ಕಾರಣಗಳಿಗೆ ಗರ್ಭಚೀಲ ತೆಗೆಸಿಕೊಳ್ಳುವ, ಇನ್ನೂ ಮುಟ್ಟು ನಿಲ್ಲದ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ.

ಗರ್ಭಚೀಲ, ಅಂಡನಾಳ, ಅಂಡಾಶಯ ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ನಮ್ಮ ಭಾಗದಲ್ಲಿ “ಚೀಲ ತೆಗೆದರು” ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಅಂಗಗಳು ಅಡಗಿಕೊಳ್ಳುತ್ತವೆ. ಅರ್ಧ ಗೊಂದಲ ಹುಟ್ಟುವುದು ಅಲ್ಲಿಂದಲೇ.

ಗರ್ಭಚೀಲ ಮಗು ಬೆಳೆಯುವ ಜಾಗ. ಪ್ರತಿ ತಿಂಗಳು ಅದರ ಒಳಪದರ ಕಳಚಿಕೊಂಡು ಹೊರಬರುವುದನ್ನೇ ಮುಟ್ಟು ಎನ್ನುತ್ತೇವೆ. ಅದರ ಮೇಲ್ಭಾಗದ ಎರಡು ಕಡೆಯಿಂದ ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಎರಡು ತೆಳುವಾದ ನಾಳಗಳು ಹೊರಡುತ್ತವೆ. ಅವೇ ಅಂಡನಾಳಗಳು. ಅವುಗಳ ಹೊರತುದಿ ಸೆರಗಿನ ಕುಚ್ಚಿನ ಹಾಗೆ ಬಿಡಿಬಿಡಿಯಾಗಿದ್ದು, ಅಂಡಾಶಯದ ಮೇಲೆ ಬಾಗಿಕೊಂಡಿರುತ್ತದೆ. ಅಂಡಾಶಯಗಳು ಬಾದಾಮಿಯ ಆಕಾರದ, ಅದಕ್ಕಿಂತ ತುಸು ದೊಡ್ಡದಾದ ಎರಡು ಗ್ರಂಥಿಗಳು. ಈಸ್ಟ್ರೊಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ತಯಾರಾಗುವುದು ಇಲ್ಲಿ. ಮೂಳೆಯ ಗಟ್ಟಿತನ, ಹೃದಯದ ಆರೋಗ್ಯ, ನಿದ್ರೆ, ಮನಸ್ಸಿನ ಸಮಾಧಾನ, ಯೋನಿಯ ತೇವ ಎಲ್ಲದರ ಹಿಂದೆಯೂ ಈ ಪುಟ್ಟ ಗ್ರಂಥಿಗಳ ಕೆಲಸವಿದೆ.

ನಾಳ ಹಾರ್ಮೋನು ತಯಾರಿಸುವ ಗ್ರಂಥಿಯಲ್ಲ. ಅದು ಅಂಡ ಸಾಗುವ ದಾರಿ. ಗರ್ಭಚೀಲವನ್ನೇ ತೆಗೆದ ಮೇಲೆ ಆ ದಾರಿ ಎಲ್ಲಿಗೂ ಮುಟ್ಟುವುದಿಲ್ಲ.

ಹಾಗಿದ್ದರೆ ಅದು ಅಲ್ಲೇ ಇರಲಿ ಬಿಡಿ. ತೆಗೆಯುವುದು ಯಾಕೆ?

ಕ್ಯಾನ್ಸರ್ ತಡೆಯುವುದಕ್ಕಾಗಿ.

ಅಂಡಾಶಯದ ಕ್ಯಾನ್ಸರ್ ಅಂಡಾಶಯದಲ್ಲೇ ಹುಟ್ಟುತ್ತದೆ ಎಂದು ನಾವೆಲ್ಲ ವೈದ್ಯಕೀಯ ಕಾಲೇಜಿನಲ್ಲಿ ಓದಿದ್ದೆವು. 2001ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು, ಅನುವಂಶೀಯ ಅಪಾಯವಿದ್ದ ಮಹಿಳೆಯರಿಂದ ತೆಗೆದ ನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳು ನಾಳದಲ್ಲಿ ಕಂಡವು. ಮುಂದಿನ ವರ್ಷಗಳಲ್ಲಿ ಇತರ ಪ್ರಯೋಗಾಲಯಗಳೂ ಅದನ್ನೇ ಕಂಡವು. ಅಂಡಾಶಯದ ಕ್ಯಾನ್ಸರುಗಳಲ್ಲಿ ಅತ್ಯಂತ ಸಾಮಾನ್ಯವಾದ, ಅತ್ಯಂತ ಮಾರಕವಾದ ಬಗೆ ಬಹಳಷ್ಟು ಸಲ ನಾಳದ ಆ ಕುಚ್ಚಿನ ತುದಿಯಲ್ಲಿ ಹುಟ್ಟಿ, ಅಲ್ಲಿಂದ ಅಂಡಾಶಯಕ್ಕೂ ಹೊಟ್ಟೆಗೂ ಹರಡುತ್ತದೆ ಎನ್ನುವುದು ಈಗ ವ್ಯಾಪಕವಾಗಿ ಒಪ್ಪಿತವಾಗಿದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದವರು 2010ರಲ್ಲೇ, ಬೇರೆ ಕಾರಣಕ್ಕೆ ಗರ್ಭಚೀಲ ತೆಗೆಯುವಾಗ ಅಂಡಾಶಯ ಉಳಿಸಿ ನಾಳ ತೆಗೆಯುವ ಬಗ್ಗೆ ಯೋಚಿಸಿ ಎಂದು ತಮ್ಮ ಶಸ್ತ್ರವೈದ್ಯರಿಗೆ ಹೇಳಿದರು. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2015ರಲ್ಲಿ, ಮತ್ತೆ 2019ರಲ್ಲಿ ಇದೇ ಸಲಹೆ ಕೊಟ್ಟಿತು. 2015ರಲ್ಲಿ ಪ್ರಕಟವಾದ ಸ್ವೀಡನ್‌ನ ದೊಡ್ಡ ಅಧ್ಯಯನವೊಂದರಲ್ಲಿ, ಎರಡೂ ನಾಳ ತೆಗೆಸಿಕೊಂಡಿದ್ದ ಮಹಿಳೆಯರಲ್ಲಿ ಅಂಡಾಶಯದ ಕ್ಯಾನ್ಸರ್ ಉಳಿದವರಿಗಿಂತ ಸುಮಾರು ಶೇ 65ರಷ್ಟು ಕಡಿಮೆ ಇತ್ತು.

ಈ ಕ್ಯಾನ್ಸರನ್ನು ಬೇಗ ಹಿಡಿಯುವ ದಾರಿ ನಮ್ಮಲ್ಲಿ ಇಲ್ಲ. ಬ್ರಿಟನ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ವರ್ಷಗಟ್ಟಲೆ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿ ನೋಡಿದರು. ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ ಎಂದು 2021ರಲ್ಲಿ ಫಲಿತಾಂಶ ಬಂತು. ಹೊಟ್ಟೆ ಉಬ್ಬಿಕೊಂಡು, ನೀರು ತುಂಬಿಕೊಂಡು, ಗ್ಯಾಸ್ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಕೊನೆಗೆ ಮೂರನೆಯ ಹಂತದಲ್ಲಿ ಬರುವ ತಾಯಂದಿರನ್ನು ನಾನು ನೋಡಿದ್ದೇನೆ. ಆದ್ದರಿಂದಲೇ, ಹೇಗೂ ಹೊಟ್ಟೆ ತೆರೆಯುವುದಾದರೆ ನಾಳವನ್ನು ಅಲ್ಲಿ ಬಿಡಬಾರದು ಎಂಬ ಮಾತು ನನಗೆ ಒಪ್ಪಿಗೆಯಾಗುತ್ತದೆ.

ನಾಳ ತೆಗೆದರೆ ಅಂಡಾಶಯ ಒಣಗಿಹೋಗುವುದಿಲ್ಲವೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಭಯಕ್ಕೆ ಕಾರಣವೂ ಇದೆ, ಏಕೆಂದರೆ ನಾಳ ಮತ್ತು ಅಂಡಾಶಯ ಅಕ್ಕಪಕ್ಕದ ಮನೆಯವರು. ಅವುಗಳ ರಕ್ತನಾಳಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಅಂಡಾಶಯಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ. ಒಂದು, ಹೊಟ್ಟೆಯ ಮಹಾಪಧಮನಿಯಿಂದ ನೇರವಾಗಿ ಇಳಿದು ಬರುವ ಅಂಡಾಶಯದ ಧಮನಿ. ಇನ್ನೊಂದು, ಗರ್ಭಚೀಲದ ಪಕ್ಕದಿಂದ ಏರಿ ಬರುವ ಧಮನಿಯ ಕವಲು. ಈ ಎರಡೂ ನಾಳ ಮತ್ತು ಅಂಡಾಶಯದ ನಡುವಿನ ತೆಳು ಪರದೆಯಲ್ಲಿ ಕೂಡಿಕೊಂಡು ಕಿರಿದಾದ ಜಾಲವನ್ನು ಮಾಡುತ್ತವೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್, ಅಂದರೆ ನೆಲದಡಿಯ ನೀರಿನ ಕಾಲುವೆ, ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲಿನ ನೆಲದಲ್ಲಿ ಏನೂ ಕಾಣುವುದಿಲ್ಲ, ಕೆಳಗೆ ನೀರು ಹರಿಯುತ್ತಿರುತ್ತದೆ. ಎಲ್ಲಿ ಅಗೆಯುತ್ತೇವೆ ಎಂಬ ಎಚ್ಚರ ಬೇಕು.

ನಾಳವನ್ನು ತೆಗೆಯುವಾಗ ಶಸ್ತ್ರವೈದ್ಯರು ಆ ಪರದೆಯನ್ನು ನಾಳಕ್ಕೆ ಅಂಟಿಕೊಂಡ ಹಾಗೆ ಕತ್ತರಿಸುತ್ತಾರೆ, ಅಂಡಾಶಯದ ಕಡೆಗೆ ಸರಿಯುವುದಿಲ್ಲ. ಹೀಗೆ ಮಾಡಿದರೆ ಜಾಲದ ಬಹುಭಾಗ ಅಂಡಾಶಯದ ಪಾಲಿಗೆ ಉಳಿಯುತ್ತದೆ. ಮಹಾಪಧಮನಿಯಿಂದ ಬರುವ ಮುಖ್ಯ ಧಮನಿಯನ್ನು ಮುಟ್ಟುವುದೇ ಇಲ್ಲ. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣದಿಂದ ಸುಡುವಾಗ ಅಂಡಾಶಯಕ್ಕೆ ಶಾಖ ತಗಲದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಅಂಡಾಶಯದ ಕ್ಷೇಮ ಬಹುಮಟ್ಟಿಗೆ ಕೈಯ ನಯದ ಮೇಲೆ ನಿಂತಿದೆ.

ಇದನ್ನು ಯಾರಾದರೂ ಅಳೆದು ನೋಡಿದ್ದಾರೆಯೇ?

ನೋಡಿದ್ದಾರೆ. ಅಂಡಾಶಯದಲ್ಲಿ ಇನ್ನೂ ಎಷ್ಟು ಅಂಡಗಳ ದಾಸ್ತಾನಿದೆ ಎಂದು ಅಂದಾಜಿಸಲು ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಇದೆ. ಅಂಡಾಶಯದಲ್ಲಿ ಬೆಳೆಯುತ್ತಿರುವ ಸಣ್ಣ ಅಂಡಕೋಶಗಳೇ ಅದನ್ನು ಸ್ರವಿಸುತ್ತವೆ. ದಾಸ್ತಾನು ಕಡಿಮೆಯಾದಂತೆ ಅದರ ಮಟ್ಟವೂ ಇಳಿಯುತ್ತದೆ.

2013ರಲ್ಲಿ ಅಮೆರಿಕದಲ್ಲಿ 30 ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಗರ್ಭಚೀಲ ಮಾತ್ರ, ಇನ್ನೊಂದಕ್ಕೆ ಗರ್ಭಚೀಲದ ಜೊತೆ ನಾಳ. ಮೂರು ತಿಂಗಳ ನಂತರ ಎಎಂಎಚ್‌ನಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ನೆದರ್ಲೆಂಡ್ಸ್‌ನಲ್ಲಿ 104 ಮಹಿಳೆಯರ ಮೇಲೆ ಇದೇ ರೀತಿ ಮಾಡಿ ಆರು ತಿಂಗಳ ನಂತರ ಅಳೆದಾಗಲೂ ಅದೇ ಉತ್ತರ ಬಂತು. ಬ್ರಿಟಿಷ್ ಕೊಲಂಬಿಯಾದಲ್ಲಿ, ಮುಟ್ಟು ನಿಲ್ಲುವ ತೊಂದರೆಗಳಿಗಾಗಿ ವೈದ್ಯರ ಬಳಿ ಹೋಗುವುದು ಅಥವಾ ಹಾರ್ಮೋನು ಚಿಕಿತ್ಸೆ ಆರಂಭಿಸುವುದು ನಾಳ ತೆಗೆಸಿಕೊಂಡವರಲ್ಲಿ ಹೆಚ್ಚಾಗಲಿಲ್ಲ.

ಒಂದು ಅಪಸ್ವರವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2019ರಲ್ಲಿ ಪ್ರಕಟವಾದ ಸ್ವೀಡನ್‌ನ ನೋಂದಣಿ ದಾಖಲೆಗಳ ಅಧ್ಯಯನದಲ್ಲಿ, ನಾಳವನ್ನೂ ತೆಗೆಸಿಕೊಂಡವರು ಒಂದು ವರ್ಷದ ನಂತರ ಬಿಸಿ ಏರುವುದು, ಬೆವರುವುದು ಮುಂತಾದ ಲಕ್ಷಣಗಳನ್ನು ಸುಮಾರು ಮೂರನೇ ಒಂದು ಪಾಲು ಹೆಚ್ಚಾಗಿ ಹೇಳಿದರು. ಅದು ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ, ಹಾಗಾಗಿ ಗುಂಪುಗಳ ನಡುವೆ ಬೇರೆ ವ್ಯತ್ಯಾಸಗಳೂ ಇದ್ದಿರಬಹುದು. ಆದರೂ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು ನನ್ನ ಎದುರು ಕುಳಿತಾಗ ಈ ಅಧ್ಯಯನದ ಮಾತನ್ನು ಹೇಳಿಯೇ ಮುಂದುವರಿಯುತ್ತೇನೆ. ಇದುವರೆಗಿನ ಒಳ್ಳೆಯ ಪುರಾವೆಗಳು ಮೊದಲ ಕೆಲವು ತಿಂಗಳು ಮತ್ತು ವರ್ಷಗಳವು. ಹತ್ತು ಹದಿನೈದು ವರ್ಷಗಳ ಲೆಕ್ಕ ಸಿಗಲು ಅಷ್ಟು ಕಾಲವೇ ಕಾಯಬೇಕು.

ನಾಳ ತೆಗೆಯದಿದ್ದರೂ ಗರ್ಭಚೀಲ ತೆಗೆಸಿಕೊಂಡವರಿಗೆ ಬೇಗ ಮುಪ್ಪು ಬರುತ್ತದೆ ಎನ್ನುತ್ತಾರೆ. ನಿಜವೇ?

ಮುಪ್ಪು ಎನ್ನುವ ಮಾತು ದೊಡ್ಡದಾಯಿತು. ಆದರೆ ಹಿರಿಯರ ಆ ಮಾತಿನಲ್ಲಿ ಸತ್ಯದ ಎಳೆಯೊಂದಿದೆ. ಎರಡೂ ಅಂಡಾಶಯ ಉಳಿಸಿ ಗರ್ಭಚೀಲ ಮಾತ್ರ ತೆಗೆದವರಲ್ಲೂ ಅಂಡಾಶಯ ಸ್ವಲ್ಪ ಬೇಗ ದಣಿಯಬಹುದು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ನಾಲ್ಕು ವರ್ಷಗಳ ನಂತರ ಗರ್ಭಚೀಲ ತೆಗೆಸಿಕೊಂಡ ನೂರು ಮಂದಿಯಲ್ಲಿ ಸುಮಾರು 15 ಮಂದಿಯ ಅಂಡಾಶಯ ಕೆಲಸ ನಿಲ್ಲಿಸಿತ್ತು. ತೆಗೆಸಿಕೊಳ್ಳದವರಲ್ಲಿ ಆ ಸಂಖ್ಯೆ 8. ಗರ್ಭಚೀಲದ ಕಡೆಯಿಂದ ಬರುವ ರಕ್ತ ಕಡಿತವಾಗುವುದು ಒಂದು ಕಾರಣವಿರಬಹುದು. ಯಾವ ತೊಂದರೆಗೆ ಚೀಲ ತೆಗೆದರೋ ಆ ತೊಂದರೆಯೇ ಅಂಡಾಶಯಕ್ಕೂ ಸಂಬಂಧಿಸಿದ್ದಿರಬಹುದು.

ಇದರಿಂದ ನನಗೆ ಅನ್ನಿಸುವುದು ಇಷ್ಟು. ನಾಳದ ಬಗ್ಗೆ ಚಿಂತಿಸುವ ಹೆಣ್ಣುಮಗಳು ಅದಕ್ಕಿಂತ ಮೊದಲು ಗರ್ಭಚೀಲದ ಬಗ್ಗೆಯೇ ಚಿಂತಿಸಬೇಕು. ಅಂಡಾಶಯದ ಮಟ್ಟಿಗೆ ದೊಡ್ಡ ನಿರ್ಧಾರ ಅದು. ನಾಳದ್ದು ಅದರ ಹಿಂದೆ ಬರುವ ಸಣ್ಣ ನಿರ್ಧಾರ.

ಹಾಗಾದರೆ ನನಗೆ ಗರ್ಭಚೀಲ ತೆಗೆಸುವುದು ನಿಜವಾಗಿಯೂ ಬೇಕೇ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಎಲ್ಲರೂ ಕೇಳಬೇಕು ಎಂದು ನನ್ನ ಆಸೆ.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಕಹಿ ನೆನಪಿದೆ. 2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಚೀಲ ತೆಗೆದ ಸಂಗತಿ ಬೆಳಕಿಗೆ ಬಂತು. ತನಿಖೆ ನಡೆಯಿತು, ಆ ಹೆಣ್ಣುಮಕ್ಕಳು ಬೀದಿಗಿಳಿದು ನ್ಯಾಯ ಕೇಳಿದರು. ಹೊಟ್ಟೆನೋವು, ಬಿಳಿ ಹೋಗುವುದು, ಬೆನ್ನುನೋವು ಎಂದು ಹೋದವರಿಗೆ “ಬಿಟ್ಟರೆ ಕ್ಯಾನ್ಸರ್ ಆಗುತ್ತದೆ” ಎಂಬ ಹೆದರಿಕೆ ಹುಟ್ಟಿಸಲಾಗಿತ್ತು. ಹಲವರು ಇನ್ನೂ ಚಿಕ್ಕ ವಯಸ್ಸಿನವರು. ದೇಶದ ಬೇರೆ ರಾಜ್ಯಗಳಿಂದಲೂ ಇಂಥದೇ ದೂರುಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯಲು ಮಾರ್ಗಸೂಚಿ ತಂದಿತು. ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿ ಎಂದು 2023ರ ಏಪ್ರಿಲ್‌ನಲ್ಲಿ ಕೋರ್ಟು ಎಲ್ಲ ರಾಜ್ಯಗಳಿಗೆ ಹೇಳಿತು.

ಬಿಳಿ ಹೋಗುವುದು ಗರ್ಭಚೀಲ ತೆಗೆಯಲು ಕಾರಣವಲ್ಲ. ಬೆನ್ನುನೋವೂ ಕಾರಣವಲ್ಲ. ಮಕ್ಕಳಾಗಿ ಆಯಿತು, ಇನ್ನು ಅದು ಯಾಕೆ ಬೇಕು ಎನ್ನುವುದು ಖಂಡಿತ ಕಾರಣವಲ್ಲ. ಕಬ್ಬು ಕಡಿಯುವ, ತೊಗರಿ ಕೊಯ್ಯುವ, ಪುಣೆ ಮುಂಬೈಗೆ ಗುಳೆ ಹೋಗುವ ಹೆಣ್ಣುಮಕ್ಕಳು ಪ್ರತಿ ತಿಂಗಳ ಮುಟ್ಟಿನ ತೊಡಕು ತಪ್ಪಲಿ ಎಂದು ತಾವೇ ಬಂದು ಕೇಳುವುದುಂಟು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಕೂಲಿಯ ಜಾಗದಲ್ಲಿ ಮರೆಯಾದ ಶೌಚಾಲಯವಿಲ್ಲ, ಒಂದು ದಿನ ಕುಳಿತರೆ ಪಗಾರ ಇಲ್ಲ. ಆ ತಪ್ಪಿಗೆ ಅವರ ದೇಹ ದಂಡ ತೆರಬಾರದು. ಅತಿಸ್ರಾವಕ್ಕೆ ಮಾತ್ರೆಗಳಿವೆ, ಗರ್ಭಚೀಲದೊಳಗೆ ಕೂರಿಸುವ ಹಾರ್ಮೋನಿನ ಸಾಧನವಿದೆ, ಗಡ್ಡೆಯನ್ನಷ್ಟೇ ತೆಗೆಯುವ ದಾರಿಯೂ ಇದೆ. ರಕ್ತಹೀನತೆಗೆ ಕಬ್ಬಿಣದ ಚಿಕಿತ್ಸೆ ಇದೆ. ಇವುಗಳನ್ನು ನೋಡಿ, ಅಗತ್ಯವಿದ್ದರೆ ಒಳಪದರದ ಬಯಾಪ್ಸಿ ಮಾಡಿಸಿ, ಆಮೇಲೂ ತೆಗೆಯುವುದೇ ಸರಿ ಎಂದಾದರೆ ನಾಳದ ಮಾತಿಗೆ ಬರೋಣ. ನಾಳ ತೆಗೆಯುವುದಕ್ಕಾಗಿ ಗರ್ಭಚೀಲ ತೆಗೆಸಿಕೊಳ್ಳುವುದು ಮಾತ್ರ ಯಾವ ಲೆಕ್ಕದಲ್ಲೂ ಸರಿಯಲ್ಲ.

ಚೀಲ ಹೋದ ಮೇಲೆ ಮುಟ್ಟು ಬರುವುದಿಲ್ಲ. ಅಂಡಾಶಯ ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ?

ದೇಹ ಹೇಳುತ್ತದೆ. ಕೆಲವರಿಗೆ ತಿಂಗಳಿಗೊಮ್ಮೆ ಸ್ತನ ಬಿಗಿಯುವುದು, ಕಿಬ್ಬೊಟ್ಟೆಯಲ್ಲಿ ಸಣ್ಣ ನೋವು ಮೊದಲಿನಂತೆಯೇ ಮುಂದುವರಿಯುತ್ತವೆ. ಅದು ಅಂಡಾಶಯ ತನ್ನ ಕೆಲಸದಲ್ಲಿದೆ ಎಂಬ ಗುರುತು. ದಣಿದಾಗಲೂ ದೇಹವೇ ಹೇಳುತ್ತದೆ. ಎದೆ ಮುಖಕ್ಕೆ ಇದ್ದಕ್ಕಿದ್ದಂತೆ ಬಿಸಿ ಏರಿ ಕೆಲವು ನಿಮಿಷಗಳಲ್ಲಿ ಇಳಿಯುವುದು, ರಾತ್ರಿ ಬೆವತು ಎಚ್ಚರವಾಗುವುದು, ಯೋನಿ ಒಣಗುವುದು, ಕಾರಣವಿಲ್ಲದೆ ಅಳು ಅಥವಾ ಸಿಟ್ಟು ಬರುವುದು.

ನಮ್ಮ ಊರಲ್ಲಿ ಇದರದೊಂದು ವಿಶೇಷ ತೊಡಕಿದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 43, 44 ಡಿಗ್ರಿ ಮುಟ್ಟಿದಾಗ ಯಾರಿಗೆ ತಾನೇ ಬೆವರು ಬರುವುದಿಲ್ಲ? “ಬ್ಯಾಸಗಿ ಅಲ್ಲವೇ” ಎಂದು ಮನೆಯವರೂ ಸುಮ್ಮನಾಗುತ್ತಾರೆ. ಹೀಗೆ ಗುರುತಿಸಿ: ಬಿಸಿಲಿನ ಸೆಕೆ ಮನೆಯವರಿಗೆಲ್ಲ ಒಟ್ಟಿಗೆ ಆಗುತ್ತದೆ, ನೆರಳಿಗೆ ಬಂದರೆ ತಗ್ಗುತ್ತದೆ. ಹಾರ್ಮೋನಿನ ಬಿಸಿ ನಿಮಗೊಬ್ಬರಿಗೇ ಅಲೆಯಂತೆ ಬಂದು ಹೋಗುತ್ತದೆ, ಡಿಸೆಂಬರ್ ತಿಂಗಳ ಬೆಳಗಿನಲ್ಲೂ ಬರುತ್ತದೆ.

ಅನುಮಾನವಿದ್ದರೆ, ಮುಖ್ಯವಾಗಿ 45 ವರ್ಷದೊಳಗಿನವರಾಗಿದ್ದರೆ, ವೈದ್ಯರು ಎಫ್‌ಎಸ್‌ಎಚ್ ರಕ್ತಪರೀಕ್ಷೆ (ಅಂಡಾಶಯ ದಣಿದಂತೆ ಏರುವ ಹಾರ್ಮೋನನ್ನು ಅಳೆಯುವುದು) ಮಾಡಿಸುತ್ತಾರೆ. ಲಕ್ಷಣವಿಲ್ಲದವರು ಎಎಂಎಚ್ ಪರೀಕ್ಷೆಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ನಾಳವೇ ಇಲ್ಲದಿದ್ದರೆ ಅಂಡ ಎಲ್ಲಿಗೆ ಹೋಗುತ್ತದೆ?

ಅದು ಕಣ್ಣಿಗೆ ಚುಕ್ಕೆಯಂತೆ ಕಂಡೀತು ಅಷ್ಟೇ. ಹೊಟ್ಟೆಯೊಳಗೆ ಬಿದ್ದು ಅಲ್ಲಿಯೇ ಕರಗಿಹೋಗುತ್ತದೆ. ಗಂಟಾಗುವುದಿಲ್ಲ, ಕೊಳೆಯುವುದಿಲ್ಲ.

ನನಗೆ ಆಗಲೇ ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ ಆಗಿದೆ. ನಾಳ ತೆಗೆದಾಯಿತಲ್ಲ?

ಇಲ್ಲ. ಇಲ್ಲಿ ಹೆಸರೇ ಮೋಸ ಮಾಡುತ್ತದೆ. ಸರ್ಕಾರಿ ಕಾಗದಗಳಲ್ಲಿ ಅದನ್ನು ಟ್ಯುಬೆಕ್ಟಮಿ ಎಂದು ಬರೆಯುತ್ತಾರೆ. ಕೇಳಿದರೆ ನಾಳ ತೆಗೆದಂತೆ ಅನ್ನಿಸುತ್ತದೆ. ವಾಸ್ತವದಲ್ಲಿ ಅಲ್ಲಿ ಮಾಡುವುದು ನಾಳದ ನಡುಭಾಗದಲ್ಲಿ ಒಂದು ಸಣ್ಣ ತುಂಡನ್ನು ಕಟ್ಟಿ ಕತ್ತರಿಸುವುದು, ಅಥವಾ ಲ್ಯಾಪ್ರೊಸ್ಕೋಪಿಯಲ್ಲಾದರೆ ಉಂಗುರ ಹಾಕುವುದು. ಕ್ಯಾನ್ಸರ್ ಹುಟ್ಟಬಹುದಾದ ಕುಚ್ಚಿನ ತುದಿ ಅಲ್ಲೇ ಉಳಿದಿರುತ್ತದೆ. ಆ ಆಪರೇಷನ್ ಕೂಡ ಅಂಡಾಶಯದ ಕ್ಯಾನ್ಸರಿನ ಅಪಾಯವನ್ನು ಸ್ವಲ್ಪ ತಗ್ಗಿಸುತ್ತದೆ, ಆದರೆ ಪೂರ್ತಿ ನಾಳ ತೆಗೆದಷ್ಟು ಅಲ್ಲ. ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಆಪರೇಷನ್ ಮಾಡಿಸಿಕೊಂಡವರೇ. ಹಾಗಾಗಿ ಇದು ನಮ್ಮಲ್ಲಿ ಸಣ್ಣ ಪ್ರಶ್ನೆಯಲ್ಲ. ಗರ್ಭಚೀಲ ತೆಗೆಯುವ ಸಂದರ್ಭ ಬಂದರೆ ಉಳಿದ ತುಂಡುಗಳನ್ನೂ ತೆಗೆಯುವಂತೆ ಕೇಳಬಹುದು.

ನಾಳವನ್ನೂ ತೆಗೆದರೆ ಆಪರೇಷನ್ ಕಷ್ಟವಾಗುತ್ತದೆಯೇ?

ಬ್ರಿಟಿಷ್ ಕೊಲಂಬಿಯಾದ ಲೆಕ್ಕದಲ್ಲಿ ಸರಾಸರಿ 16 ನಿಮಿಷ ಹೆಚ್ಚು ಹಿಡಿಯಿತು. ರಕ್ತ ಕೊಡಬೇಕಾಗಿ ಬಂದ ಪ್ರಸಂಗಗಳಾಗಲಿ, ಮತ್ತೆ ಆಸ್ಪತ್ರೆಗೆ ಸೇರಿದ ಪ್ರಸಂಗಗಳಾಗಲಿ ಹೆಚ್ಚಾಗಲಿಲ್ಲ. ಹೊಟ್ಟೆ ಕೊಯ್ದು ಅಥವಾ ಲ್ಯಾಪ್ರೊಸ್ಕೋಪಿಯಲ್ಲಿ ಮಾಡುವಾಗ ನಾಳ ಸುಲಭವಾಗಿ ಸಿಗುತ್ತದೆ. ಗರ್ಭಚೀಲ ಜಾರಿ ಕೆಳಗಿನಿಂದ ತೆಗೆಯುವಾಗ ಕೆಲವೊಮ್ಮೆ ನಾಳ ಮೇಲೆಯೇ ಇದ್ದು ಕೈಗೆ ಸಿಗುವುದಿಲ್ಲ. ಹಿಂದಿನ ಸಿಸೇರಿಯನ್ನಿನಿಂದ, ಸೋಂಕಿನಿಂದ ಅಂಟುಗಳಾಗಿದ್ದರೂ ಹಾಗೆಯೇ. ಅಂಥಲ್ಲಿ ಹಟ ಮಾಡದೆ ಬಿಡುವುದೇ ಜಾಣತನ. ನಾಳಕ್ಕಾಗಿ ಕೆಳಗಿನ ಆಪರೇಷನ್ ಬಿಟ್ಟು ಹೊಟ್ಟೆ ಕೊಯ್ಯುವುದು ಬೇಡ.

ಅಂಡಾಶಯವನ್ನೂ ತೆಗೆದುಬಿಟ್ಟರೆ ಕ್ಯಾನ್ಸರಿನ ಚಿಂತೆಯೇ ಇರುವುದಿಲ್ಲವಲ್ಲ?

“ಒಮ್ಮೆಲೇ ಎಲ್ಲ ತೆಗೆದುಬಿಡಿ ಮೇಡಂ, ಮತ್ತೆ ಮತ್ತೆ ಕೊಯ್ಯಿಸಿಕೊಳ್ಳುವುದು ಯಾಕೆ” ಎಂದು ಗಂಡಂದಿರು, ಅತ್ತೆಯಂದಿರು ಹೇಳುತ್ತಾರೆ. ಕೆಲವೊಮ್ಮೆ ಹೆಣ್ಣುಮಕ್ಕಳೇ ಹೇಳುತ್ತಾರೆ. ನಾನು ಇಲ್ಲ ಎನ್ನುತ್ತೇನೆ, ಕಾರಣವನ್ನೂ ಹೇಳುತ್ತೇನೆ.

ಸಾಮಾನ್ಯ ಹೆಣ್ಣುಮಗಳಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ನಮ್ಮ ದೇಶದಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಹರೆಯದಲ್ಲಿ ಎರಡೂ ಅಂಡಾಶಯ ತೆಗೆದವರಲ್ಲಿ ಹಾರ್ಮೋನು ಇಲ್ಲವಾಗುವುದು ಮಾತ್ರ ನೂರಕ್ಕೆ ನೂರು ಖಚಿತ. ಸಹಜವಾಗಿ ಮುಟ್ಟು ನಿಲ್ಲುವಾಗ ಅಂಡಾಶಯ ವರ್ಷಗಟ್ಟಲೆ ನಿಧಾನವಾಗಿ ತಗ್ಗುತ್ತದೆ, ದೇಹ ಹೊಂದಿಕೊಳ್ಳುತ್ತದೆ. ತೆಗೆದುಬಿಟ್ಟರೆ ಒಂದೇ ದಿನದಲ್ಲಿ ಎಲ್ಲ ನಿಲ್ಲುತ್ತದೆ. ಬಿಸಿ ಏರುವುದು ತೀವ್ರವಾಗಿರುತ್ತದೆ, ಮೂಳೆ ಬೇಗ ಟೊಳ್ಳಾಗುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. 32ನೇ ವಯಸ್ಸಿನಲ್ಲಿ ಅಂಡಾಶಯ ಕಳೆದುಕೊಂಡವಳು ನಲವತ್ತೈದಕ್ಕೆ ನೆಲದಿಂದ ಏಳಲು ಗೋಡೆ ಹಿಡಿಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅವಳಿಗೆ ಯಾರೂ ಇದನ್ನು ಮೊದಲೇ ಹೇಳಿರಲಿಲ್ಲ.

ನಾಳ ತೆಗೆಯುವ ಪದ್ಧತಿ ಬಂದದ್ದೇ ಇದಕ್ಕಾಗಿ. ಕ್ಯಾನ್ಸರಿನ ಅಪಾಯದ ದೊಡ್ಡ ಪಾಲು ತಗ್ಗಬೇಕು, ಅಂಡಾಶಯ ಮಾತ್ರ ಉಳಿಯಬೇಕು.

ಇದಕ್ಕೆ ಹೊರತಾದವರೂ ಇದ್ದಾರೆ. ತಾಯಿ, ಅಕ್ಕತಂಗಿ, ಚಿಕ್ಕಮ್ಮ, ಸೋದರತ್ತೆಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಕಂಡ ಕುಟುಂಬಗಳಲ್ಲಿ ಬಿಆರ್‌ಸಿಎ ವಂಶವಾಹಿಯ ದೋಷವಿರಬಹುದು. ಅದು ಖಚಿತವಾದವರಿಗೆ ಅಪಾಯ ಬಹಳ ಹೆಚ್ಚು. ಅವರಿಗೆ ನಾಳ ಮಾತ್ರ ತೆಗೆಯುವುದು ಸಾಲದು. ಸಾಮಾನ್ಯವಾಗಿ 35ರಿಂದ 45ರ ನಡುವೆ, ದೋಷದ ಬಗೆಯನ್ನು ನೋಡಿಕೊಂಡು, ಅಂಡಾಶಯವನ್ನೂ ತೆಗೆಯುವ ಸಲಹೆ ಕೊಡುತ್ತಾರೆ. ಮನೆತನದ ಈ ಇತಿಹಾಸವನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ತಾಯಿಯ ಕಡೆಯದಷ್ಟೇ ಅಲ್ಲ, ತಂದೆಯ ಕಡೆಯ ಹೆಣ್ಣುಮಕ್ಕಳದ್ದೂ ಲೆಕ್ಕಕ್ಕೆ ಬರುತ್ತದೆ.

ಹತ್ತು ವರ್ಷದ ಹಿಂದೆ ಆಪರೇಷನ್ ಆಗಿದೆ. ನನ್ನೊಳಗೆ ಏನೇನು ತೆಗೆದಿದ್ದಾರೋ ಗೊತ್ತಿಲ್ಲ.

ಮನೆಯಲ್ಲಿ ಡಬ್ಬಿಯಲ್ಲೋ ಟ್ರಂಕಿನಲ್ಲೋ ಇಟ್ಟಿರುವ ಡಿಸ್ಚಾರ್ಜ್ ಕಾರ್ಡನ್ನು ಹುಡುಕಿ. ಅದರಲ್ಲಿ ಇಂಗ್ಲಿಷಿನಲ್ಲಿ ಎರಡು ಮೂರು ಅಕ್ಷರಗಳ ಸಂಕೇತವಿರುತ್ತದೆ. ‘ಟಿಎಎಚ್’ ಎಂದರೆ ಹೊಟ್ಟೆ ಕೊಯ್ದು ಪೂರ್ತಿ ಗರ್ಭಚೀಲ ತೆಗೆದದ್ದು. ‘ವಿಎಚ್’ ಎಂದರೆ ಕೆಳಗಿನಿಂದ ತೆಗೆದದ್ದು. ‘ಟಿಎಲ್‌ಎಚ್’ ಲ್ಯಾಪ್ರೊಸ್ಕೋಪಿಯಲ್ಲಿ. ಇವುಗಳ ಮುಂದೆ ‘ಬಿಎಸ್’ ಎಂದಷ್ಟೇ ಇದ್ದರೆ ಎರಡೂ ನಾಳ ತೆಗೆದಿದ್ದಾರೆ, ಅಂಡಾಶಯ ಉಳಿಸಿದ್ದಾರೆ. ‘ಬಿಎಸ್‌ಒ’ ಎಂದಿದ್ದರೆ ಎರಡೂ ಅಂಡಾಶಯ ಹೋಗಿವೆ. ಆ ಕೊನೆಯ ‘ಒ’ (O) ಒಂದು ಅಕ್ಷರ ನೋಡುವುದನ್ನು ಕಲಿತರೂ ಸಾಕು. ಓದು ಬಾರದವರು ಶಾಲೆಗೆ ಹೋಗುವ ಮಗಳಿಂದಲೋ ಆಶಾ ಕಾರ್ಯಕರ್ತೆಯಿಂದಲೋ ಓದಿಸಿ.

ಕಾರ್ಡು ಕಳೆದುಹೋಗಿದ್ದರೆ ಬಯಾಪ್ಸಿ ವರದಿ ಇದೆಯೇ ನೋಡಿ. ಪ್ರಯೋಗಾಲಯಕ್ಕೆ ಯಾವ ಯಾವ ಅಂಗ ತಲುಪಿತು ಎಂದು ಅದರ ಮೊದಲ ಸಾಲುಗಳಲ್ಲೇ ಬರೆದಿರುತ್ತಾರೆ. ಬಹಳ ಕಡೆ ತೆಗೆದ ಚೀಲವನ್ನು ತಟ್ಟೆಯಲ್ಲಿ ಇಟ್ಟು ಗಂಡನಿಗೆ ತೋರಿಸುತ್ತಾರೆ, ನಿಜವಾದ ವರದಿ ಬರುವ ಹೊತ್ತಿಗೆ ಇವರು ಊರು ಸೇರಿರುತ್ತಾರೆ. ಟಾಕಿ (ಹೊಲಿಗೆ) ಬಿಚ್ಚಿಸಿಕೊಂಡ ಮೇಲೆ ಯಾರೂ ಅದನ್ನು ತರಲು ಹೋಗುವುದಿಲ್ಲ. ಮುಂದೆ ಆಪರೇಷನ್ ಮಾಡಿಸಿಕೊಳ್ಳುವವರು ದಯವಿಟ್ಟು ಹೋಗಿ ತನ್ನಿ. ಎರಡೂ ಇಲ್ಲದಿದ್ದರೆ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯ ಇದೆಯೇ ಎಂದು ನೋಡಬಹುದು.

ಅಂಡಾಶಯ ಹೋಗಿದ್ದು, ನಿಮಗೆ ಇನ್ನೂ ಐವತ್ತು ಆಗಿಲ್ಲದಿದ್ದರೆ, ಸುಮ್ಮನೆ ಸಹಿಸಿಕೊಂಡು ಕೂರಬೇಡಿ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ತೊಂದರೆ, ಯಕೃತ್ತಿನ ಕಾಯಿಲೆ ಇಲ್ಲದವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೊಜನ್ ಕೊಡಬಹುದು. ಮಾತ್ರೆಯೂ ಇದೆ, ಚರ್ಮಕ್ಕೆ ಹಚ್ಚುವ ಜೆಲ್ಲೂ ಇದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಎಲ್ಲ ಕಡೆಯೂ ಸ್ತ್ರೀರೋಗ ವಿಭಾಗವಿದೆ. ಕಾರ್ಡು ಹಿಡಿದುಕೊಂಡು ಹೋಗಿ ಕೇಳಿ. ಜೊತೆಗೆ ದಿನವೂ ನಡಿಗೆ, ಹಾಲು ಮೊಸರು, ಸಜ್ಜೆ ರೊಟ್ಟಿಗೆ ಧಾರಾಳವಾಗಿ ಎಳ್ಳು. ಸಂಕ್ರಾಂತಿಗೆ ಮಾತ್ರ ಎಳ್ಳು ಎಂಬ ನಿಯಮವಿಲ್ಲ.

ಗಂಡ ಹೆಂಡಿರ ಸಂಬಂಧಕ್ಕೆ ತೊಂದರೆಯಾಗುತ್ತದೆಯೇ? ಮೈ ಊದುತ್ತದೆಯೇ?

ನಾಳ ತೆಗೆದದ್ದರಿಂದ ಎರಡೂ ಆಗುವುದಿಲ್ಲ. ಹೊಲಿಗೆ ಮಾಗಲು ಆರರಿಂದ ಎಂಟು ವಾರ ಬಿಟ್ಟು, ವೈದ್ಯರು ನೋಡಿದ ಮೇಲೆ ಸಂಬಂಧ ಮುಂದುವರಿಸಬಹುದು. ಅಷ್ಟು ದಿನ ನೀರಿನ ಕೊಡ, ತೊಗರಿಯ ಮೂಟೆ ಎತ್ತಬಾರದು. ಇದನ್ನು ನಾನು ಮನೆಯ ಗಂಡಸರಿಗೇ ಹೇಳುತ್ತೇನೆ, ಹೆಣ್ಣುಮಕ್ಕಳಿಗೆ ಮಾತ್ರ ಹೇಳಿದರೆ ಕೊಡ ಎತ್ತುವವರು ಯಾರು?

ಕಾಗದಕ್ಕೆ ಗಂಡ ಸಹಿ ಹಾಕಿದರೆ ಸಾಕಲ್ಲವೇ?

ಸಾಲದು. ನೀವು ವಯಸ್ಕರು, ಎಚ್ಚರದಲ್ಲಿದ್ದೀರಿ, ಮಾತು ಅರ್ಥವಾಗುತ್ತದೆ ಎಂದಾದರೆ ನಿಮ್ಮ ಒಪ್ಪಿಗೆಯೇ ಒಪ್ಪಿಗೆ. 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಒಳಗೆ ದುರ್ಬೀನು ಹಾಕಿ ನೋಡುವುದಕ್ಕೆ ಒಪ್ಪಿದ್ದ 44 ವರ್ಷದ ಮಹಿಳೆಗೆ ಅರಿವಳಿಕೆ ಕೊಟ್ಟ ಮೇಲೆ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಚೀಲ, ನಾಳ, ಅಂಡಾಶಯ ಮೂರನ್ನೂ ತೆಗೆದಿದ್ದರು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದಾಗ ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆಯಾಗುವುದಿಲ್ಲ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ತೆಗೆಯುವುದಕ್ಕೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ ಎಂದು ಕೋರ್ಟು ಹೇಳಿತು.

ಆದ್ದರಿಂದ ಹೆಬ್ಬೆಟ್ಟು ಒತ್ತುವ ಮೊದಲು ಕಾಗದವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಸಿಕೊಳ್ಳಿ. ಕನ್ನಡವಾಗಲಿ, ಉರ್ದುವಾಗಲಿ, ತೆಲುಗು, ಮರಾಠಿ, ಲಂಬಾಣಿಯಾಗಲಿ, ಈ ಮೂರು ಜಿಲ್ಲೆಗಳ ಯಾವ ವಾರ್ಡಿನಲ್ಲೂ ಆ ಭಾಷೆ ಬಲ್ಲ ನರ್ಸೋ ಆಯಾನೋ ಒಬ್ಬರು ಇದ್ದೇ ಇರುತ್ತಾರೆ. ಗರ್ಭಚೀಲ ತೆಗೆಯುತ್ತೀರಾ, ನಾಳ ತೆಗೆಯುತ್ತೀರಾ, ಅಂಡಾಶಯ ಬಿಡುತ್ತೀರಾ ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳಿ, ಅದೇ ಉತ್ತರ ಕಾಗದದಲ್ಲೂ ಬರೆದಿದೆಯೇ ನೋಡಿ. ಅಂಡಾಶಯ ಬಿಡಬೇಕು ಎಂಬುದು ನಿಮ್ಮ ಇಚ್ಛೆಯಾದರೆ ಅದನ್ನೂ ಬರೆಸಿ, ಆಮೇಲೆ ಹೆಬ್ಬೆಟ್ಟು ಒತ್ತಿ.